ಟ್ಯಾಂಕರ್ ಎಂದರೆ ಯಾವುದು?

1970ರ ಸೆಪ್ಟೆಂಬರ್ ಕೊನೆಯ ವಾರ. ದಕ್ಷಿಣ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಕುರುಚಲು ಕಾಡು ಒಣಗಿ ನಿಂತಿತ್ತು. ಒಳನಾಡಿನ ಮರುಭೂಮಿಯಿಂದ ಕಡಲಿನ ಕಡೆಗೆ ಬೀಸುವ ಸಾಂತಾ ಆನಾ ಎಂಬ ಒಣಗಾಳಿ ಎದ್ದಿತ್ತು. ಒಂದು ಕಡೆಯ ಬೆಂಕಿ ಆರುವ ಮೊದಲೇ ಇನ್ನೊಂದು ಕಡೆ ಹೊಗೆ ಕಾಣಿಸುತ್ತಿತ್ತು. ಸುಮಾರು ಹದಿಮೂರು ದಿನಗಳಲ್ಲಿ 16 ಜನ ಸತ್ತರು, 700ರಷ್ಟು ಕಟ್ಟಡಗಳು ಬೂದಿಯಾದವು, 5 ಲಕ್ಷ ಎಕರೆಗೂ ಹೆಚ್ಚು ನೆಲ ಸುಟ್ಟುಹೋಯಿತು.

ಹಾಗಂತ ಅಲ್ಲಿ ಬೆಂಕಿ ಆರಿಸುವ ಜನಕ್ಕೆ ಕೊರತೆ ಇರಲಿಲ್ಲ. ವಾಹನಗಳಿದ್ದವು, ವಿಮಾನಗಳಿದ್ದವು, ಅನುಭವಿಗಳಿದ್ದರು. ಆದರೆ ನಗರದ ಅಗ್ನಿಶಾಮಕ ದಳ ಬೇರೆ, ಕೌಂಟಿಯದು ಬೇರೆ, ರಾಜ್ಯದ ಅರಣ್ಯ ಇಲಾಖೆ ಬೇರೆ, ಕೇಂದ್ರ ಸರ್ಕಾರದ ಅರಣ್ಯ ಸೇವೆ ಬೇರೆ. ಪ್ರತಿಯೊಂದಕ್ಕೂ ಅದರದೇ ಮುಖ್ಯಸ್ಥ, ಅದರದೇ ರೇಡಿಯೋ ತರಂಗಾಂತರ. ಸೆಪ್ಟೆಂಬರ್ 26ರಂದು ಸ್ಯಾನ್ ಡಿಯೇಗೊ ಕೌಂಟಿಯಲ್ಲಿ ವಿದ್ಯುತ್ ತಂತಿ ಬಿದ್ದು ಲಗೂನಾ ಬೆಂಕಿ ಹೊತ್ತಿಕೊಂಡಾಗ, ಅಲ್ಲಿನ ಸಿಬ್ಬಂದಿಯಲ್ಲಿ ಅನೇಕರು ನೆರವಿಗೆಂದು ಆಗಲೇ ಉತ್ತರದ ಲಾಸ್ ಏಂಜಲೀಸ್ ಕಡೆಗೆ ಹೋಗಿದ್ದರು. ಯಾರ ಬಳಿ ಎಷ್ಟಿದೆ, ಯಾವುದು ಎಲ್ಲಿದೆ, ಯಾವ ಬೆಂಕಿಗೆ ಮೊದಲು ಕಳಿಸಬೇಕು ಎಂದು ಇಡಿಯಾಗಿ ನೋಡುವವರು ಯಾರೂ ಇರಲಿಲ್ಲ.

ಮಾತಿನ ತೊಡಕೂ ಇತ್ತು. ಒಂದು ಇಲಾಖೆಯ ಬಾಯಲ್ಲಿ 'ಟ್ಯಾಂಕರ್' ಎಂದರೆ ನೀರು ಹೊತ್ತ ಲಾರಿ, ಇನ್ನೊಂದರ ಬಾಯಲ್ಲಿ ಆಕಾಶದಿಂದ ಬೆಂಕಿಯ ಮೇಲೆ ದ್ರವ ಸುರಿಯುವ ವಿಮಾನ. ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಬೇಸಿಗೆ ಕಳೆದವರಿಗೆ ಟ್ಯಾಂಕರ್ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬೆಂಕಿಯ ನಡುವೆ ನಿಂತು ರೇಡಿಯೋದಲ್ಲಿ 'ಎರಡು ಟ್ಯಾಂಕರ್ ಕಳಿಸಿ' ಎಂದವನಿಗೆ ಬೇಕಾದ್ದು ಯಾವುದು, ಅವನಿಗೆ ಸಿಗುವುದು ಯಾವುದು ಎಂಬ ಪ್ರಶ್ನೆಯ ಮೇಲೆ ಜೀವ ನಿಂತಿರಬಹುದು.

ಮರುವರ್ಷ ಅಮೆರಿಕದ ಸಂಸತ್ತು ಅರಣ್ಯ ಸೇವೆಗೆ 9 ಲಕ್ಷ ಡಾಲರ್ ಕೊಟ್ಟು ಇದಕ್ಕೊಂದು ದಾರಿ ಹುಡುಕಲು ಹೇಳಿತು. ಹೀಗೆ ಹುಟ್ಟಿದ ಯೋಜನೆಯ ಹೆಸರು ಫೈರ್‌ಸ್ಕೋಪ್. ಬೇರೆ ಬೇರೆ ಮಟ್ಟದ ಏಳು ಸಂಸ್ಥೆಗಳು ಒಟ್ಟಿಗೆ ಕೂತು, 1970ರ ದಶಕ ಮುಗಿಯುವ ಹೊತ್ತಿಗೆ 'ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್' ಎಂಬ ವ್ಯವಸ್ಥೆಯನ್ನು ಕಟ್ಟಿದವು. ಇಂದು ಜಗತ್ತಿನ ಹಲವು ದೇಶಗಳ ವಿಪತ್ತು ನಿರ್ವಹಣೆಯ ಹಿಂದೆ ಈ ವ್ಯವಸ್ಥೆಯೋ ಅದರ ರೂಪಾಂತರವೋ ಇದೆ.

ಇದರಲ್ಲಿ ಹೊಸ ಯಂತ್ರವೇನೂ ಇಲ್ಲ. ಕೆಲವು ಸರಳ ಕಟ್ಟಳೆಗಳಿವೆ. ಒಂದು ವಸ್ತುವಿಗೆ ಒಂದೇ ಹೆಸರು: ಟ್ಯಾಂಕರ್ ಎಂದರೆ ಇನ್ನು ವಿಮಾನ ಮಾತ್ರ, ನೀರಿನ ಲಾರಿಗೆ ಬೇರೆ ಹೆಸರು. ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಿನವ. ಒಬ್ಬ ಮೇಲಿನವನ ಕೈಕೆಳಗೆ ಮೂರರಿಂದ ಏಳು ಜನ, ಐವರಾದರೆ ಉತ್ತಮ. ಸ್ಥಳಕ್ಕೆ ಬಂದ ಪ್ರತಿ ವಾಹನವೂ ಹೆಸರು ನೋಂದಾಯಿಸಬೇಕು, ಆಮೇಲೆ ಅದು ಮೂರರಲ್ಲಿ ಒಂದು ಸ್ಥಿತಿಯಲ್ಲಿರುತ್ತದೆ: ಕೆಲಸದಲ್ಲಿದೆ, ಸಿದ್ಧವಾಗಿದೆ, ಸದ್ಯಕ್ಕೆ ಬಳಕೆಗಿಲ್ಲ. ಕೆಲಸವನ್ನು ಐದಾಗಿ ಹಂಚಲಾಗುತ್ತದೆ: ನಾಯಕತ್ವ, ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು. ನಾಯಕ ಬದಲಾದರೆ ಹೊಸಬನಿಗೆ ಎಲ್ಲವನ್ನೂ ವಿವರಿಸಿಯೇ ಹಳಬ ಹೊರಡಬೇಕು. ಏಕಕಾಲಕ್ಕೆ ಹತ್ತು ಕಡೆ ಬೆಂಕಿ ಬಿದ್ದರೆ ಯಾವ ಕಡೆಗೆ ಏನು ಹೋಗಬೇಕೆಂಬ ತೀರ್ಮಾನ ಆ ಹತ್ತು ಸ್ಥಳಗಳ ನಾಯಕರದಲ್ಲ. ಅದಕ್ಕೆ ಎಲ್ಲ ಸಂಸ್ಥೆಗಳ ಪ್ರತಿನಿಧಿಗಳು ಕೂರುವ ಇನ್ನೊಂದು ಮಂಡಳಿ ಇರುತ್ತದೆ.

ಇಷ್ಟು ಸರಳವಾದದ್ದನ್ನೂ ಎಲ್ಲರೂ ಒಪ್ಪಿಕೊಳ್ಳಲು ದಶಕಗಳೇ ಹಿಡಿದವು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ದಕ್ಷಿಣದ ಗೋಪುರ ಕುಸಿದ ಮೇಲೆ, ಉತ್ತರದ ಗೋಪುರವೂ ಬೀಳುವಂತಿದೆ ಎಂದು ಪೊಲೀಸ್ ಹೆಲಿಕಾಪ್ಟರಿನಿಂದ ಎಚ್ಚರಿಕೆ ಬಂತು. ಅದನ್ನು ಪೊಲೀಸರ ರೇಡಿಯೋ ಕೇಳಿಸಿಕೊಂಡಿತು. ಅಗ್ನಿಶಾಮಕ ದಳದ ರೇಡಿಯೋಗೆ ಅದರ ಜೊತೆ ಸಂಪರ್ಕವಿರಲಿಲ್ಲ. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343. 2003ರ ಫೆಬ್ರವರಿಯಲ್ಲಿ ಅಧ್ಯಕ್ಷರ ಆದೇಶ ಹೊರಟಿತು, ಮರುವರ್ಷ ಇಡೀ ಅಮೆರಿಕಕ್ಕೆ ಒಂದೇ ಚೌಕಟ್ಟು ಬಂತು.

ಭಾರತದ ಕಥೆ ಶುರುವಾಗುವುದು ಬೇರೆ ಕಡೆಯಿಂದ. ಕ್ಯಾಲಿಫೋರ್ನಿಯಾದ ರೋಗ ನಾಯಕರು ಹಲವರಿದ್ದದ್ದು. ಇಲ್ಲಿನ ರೋಗ ನಾಯಕ ಒಬ್ಬನೇ ಇದ್ದದ್ದು.

ಮೈಸೂರು ಸಂಸ್ಥಾನವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ 1876-78ರ ಕ್ಷಾಮದ ನಂತರ ಬ್ರಿಟಿಷ್ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಅದರ 1880ರ ವರದಿಯಿಂದ ಕ್ಷಾಮ ಸಂಹಿತೆಗಳು ಬಂದವು. ಎಲ್ಲಿ ಪರಿಹಾರ ಕಾಮಗಾರಿ ತೆರೆಯಬೇಕು, ಕೂಲಿ ಎಷ್ಟು, ದುಡಿಯಲಾಗದವರಿಗೆ ಏನು ಎಂಬುದನ್ನೆಲ್ಲ ಬರೆದಿಟ್ಟು, ನಡೆಸುವ ಹೊಣೆಯನ್ನು ಜಿಲ್ಲೆಯ ಕಲೆಕ್ಟರಿಗೆ ವಹಿಸಲಾಯಿತು. ಬರ ನಿಧಾನವಾಗಿ ಬರುತ್ತದೆ. ಮಳೆ ಕೈಕೊಟ್ಟದ್ದು ತಿಳಿಯುತ್ತದೆ, ಕಾಳಿನ ಬೆಲೆ ಏರುವುದು ಕಾಣುತ್ತದೆ, ಕಡತ ಮೇಲೆ ಹೋಗಿ ಕೆಳಗೆ ಬರಲು ಸಮಯವಿರುತ್ತದೆ. ಆ ವೇಗಕ್ಕೆ ಹೊಂದುವಂತೆ ಕಟ್ಟಿದ ವ್ಯವಸ್ಥೆಯನ್ನೇ ಸ್ವತಂತ್ರ ಭಾರತ ಭೂಕಂಪಕ್ಕೂ ಚಂಡಮಾರುತಕ್ಕೂ ಬಳಸುತ್ತ ಬಂತು.

ಅದು ಎಲ್ಲಿ ಮುರಿಯುತ್ತದೆ ಎಂಬುದು ಐದೇ ವರ್ಷಗಳಲ್ಲಿ ಮೂರು ಸಲ ಗೊತ್ತಾಯಿತು. 1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. ರಸ್ತೆ, ವಿದ್ಯುತ್, ದೂರವಾಣಿ ಎಲ್ಲವೂ ಹೋಗಿ ಜಿಲ್ಲೆಗಳ ಸುದ್ದಿಯೇ ರಾಜಧಾನಿಗೆ ಮುಟ್ಟದಾಯಿತು. 2001ರ ಜನವರಿ 26ರ ಬೆಳಗ್ಗೆ ಕಚ್ ಜಿಲ್ಲೆಯಲ್ಲಿ ನೆಲ ನಡುಗಿದಾಗ ಭುಜ್ ನಗರದ ಜಿಲ್ಲಾ ಆಸ್ಪತ್ರೆಯೇ ಕುಸಿಯಿತು. ನೆರವಿಗೆ ಓಡಬೇಕಾದ ಆಡಳಿತದ ಜನರೇ ತಮ್ಮ ಮನೆಯವರನ್ನು ಅವಶೇಷಗಳಡಿ ಹುಡುಕುತ್ತಿದ್ದರು. ಎಲ್ಲ ನಿರ್ಧಾರವೂ ಒಂದೇ ಮೇಜಿಗೆ ಬರಬೇಕು ಎಂಬ ವ್ಯವಸ್ಥೆಯಲ್ಲಿ ಆ ಮೇಜೇ ಕಲ್ಲುಮಣ್ಣಿನಡಿ ಸಿಕ್ಕಿಕೊಂಡರೆ ಮುಂದೇನು ಎಂಬುದಕ್ಕೆ ಉತ್ತರವಿರಲಿಲ್ಲ.

ಮೂರನೆಯದು 2004ರ ಡಿಸೆಂಬರ್ 26ರ ಸುನಾಮಿ. ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ದಿನಗಳಲ್ಲಿ ದೇಶದ ಮೂಲೆಮೂಲೆಯಿಂದ ಲಾರಿಗಳು ಬಂದವು, ನೂರಾರು ಸ್ವಯಂಸೇವಾ ಸಂಸ್ಥೆಗಳು ಬಂದವು. ಹೆದ್ದಾರಿಗೆ ಹತ್ತಿರದ ಊರುಗಳಿಗೆ ಎರಡು ಮೂರು ಸಲ ಸಾಮಾನು ಸಿಕ್ಕಿತು, ಒಳಗಿನ ಊರುಗಳು ಕಾಯುತ್ತ ಕೂತವು. ಯಾರೂ ಕೇಳದಿದ್ದ ಹಳೆಬಟ್ಟೆಗಳು ರಸ್ತೆಬದಿಯಲ್ಲಿ ಗುಡ್ಡೆಯಾಗಿ ಬಿದ್ದವು. ಮೀನುಗಾರರ ಜೊತೆ ಮೊದಲಿಂದ ಕೆಲಸ ಮಾಡುತ್ತಿದ್ದ ಸಂಸ್ಥೆಗಳು ಜನವರಿಯ ಮೊದಲ ದಿನಗಳಲ್ಲೇ ಜಿಲ್ಲಾಡಳಿತದ ಜೊತೆಗೂಡಿ ಒಂದು ಸಮನ್ವಯ ಕೇಂದ್ರ ತೆರೆದವು. ಯಾವ ಊರಿಗೆ ಏನು ಬೇಕು, ಯಾರು ಏನು ತಂದಿದ್ದಾರೆ ಎಂಬ ಪಟ್ಟಿ ಅಲ್ಲಿ ತಯಾರಾಗತೊಡಗಿತು. ಮೂವತ್ತು ವರ್ಷ ಹಿಂದೆ ಕ್ಯಾಲಿಫೋರ್ನಿಯಾದವರು ಕಂಡುಕೊಂಡಿದ್ದ ಪಾಠದ ಅರ್ಧಭಾಗವನ್ನು ನಾಗಪಟ್ಟಣಂ ತಾನಾಗಿಯೇ ಕಲಿಯಿತು.

ಸುನಾಮಿಯ ಮರುವರ್ಷ, 2005ರ ಡಿಸೆಂಬರ್‌ನಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ 2010ರ ಜುಲೈನಲ್ಲಿ ಅಮೆರಿಕದ ಮಾದರಿಯನ್ನು ಭಾರತಕ್ಕೆ ಹೊಂದಿಸಿ ಮಾರ್ಗಸೂಚಿ ಹೊರಡಿಸಿತು. ಹೆಸರಿನಲ್ಲೇ ಒಂದು ಬದಲಾವಣೆ ಇತ್ತು. 'ಕಮಾಂಡ್' ಹೋಗಿ 'ರೆಸ್ಪಾನ್ಸ್' ಬಂತು. ಎಲ್ಲಕ್ಕಿಂತ ಮೇಲೆ 'ಹೊಣೆಗಾರ ಅಧಿಕಾರಿ' ಎಂಬ ಹೊಸ ಸ್ಥಾನ ಸೇರಿತು: ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ. ಅವರ ಕೆಳಗೆ ಸ್ಥಳದ ನಾಯಕ, ಕಾರ್ಯಾಚರಣೆ, ಯೋಜನೆ, ಸರಬರಾಜು ವಿಭಾಗಗಳು. ಹಣಕಾಸು ಇಲ್ಲಿ ಸರಬರಾಜಿನದೇ ಒಂದು ಶಾಖೆ. ಇಂಥ ತಂಡಗಳು ಜಿಲ್ಲೆ, ಉಪವಿಭಾಗ, ತಾಲೂಕು ಮಟ್ಟದಲ್ಲೂ ಮೊದಲೇ ಸಿದ್ಧವಿರಬೇಕು.

ಮೇಲುನೋಟಕ್ಕೆ ಇದು ಕಲೆಕ್ಟರ್ ಕುರ್ಚಿಗೆ ಹೊಸ ಹೆಸರು ಅಂಟಿಸಿದಂತೆ ಕಾಣುತ್ತದೆ. ಆದರೆ ಒಳಗಿನ ಉದ್ದೇಶ ತದ್ವಿರುದ್ಧ. ಅಲ್ಲಿ ಈ ವ್ಯವಸ್ಥೆ ಚದುರಿದ ಅಧಿಕಾರವನ್ನು ಒಂದು ಕಡೆ ತಂದಿತ್ತು. ಇಲ್ಲಿ ಒಬ್ಬರ ಬಳಿ ಗುಡ್ಡೆ ಬಿದ್ದಿದ್ದ ಕೆಲಸವನ್ನು ಹಂಚಬೇಕಿತ್ತು. ಒಂದೇ ಔಷಧಿಯನ್ನು ಎರಡು ವಿರುದ್ಧ ರೋಗಗಳಿಗೆ ಕೊಟ್ಟಂತಾಯಿತು. ಅದಕ್ಕೇ ಭಾರತದಲ್ಲಿ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ತಾಲೂಕು ಮಟ್ಟದಲ್ಲಿದೆ: ಜಿಲ್ಲಾ ಕೇಂದ್ರದ ಫೋನ್ ಸಿಗದಿದ್ದಾಗ ತಹಶೀಲ್ದಾರರು ತಾವೇ ನಿರ್ಧಾರ ತೆಗೆದುಕೊಳ್ಳುತ್ತಾರೆಯೇ, ತೆಗೆದುಕೊಂಡರೆ ಆಮೇಲೆ ಅವರನ್ನು ವಿವರಣೆ ಕೇಳಿ ಕಾಡುತ್ತಾರೆಯೇ?

ಈ ವ್ಯವಸ್ಥೆಗೆ ಟೀಕಾಕಾರರೂ ಇದ್ದಾರೆ. ವಿಪತ್ತುಗಳ ಸಮಾಜಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎನ್ರಿಕೊ ಕ್ವಾರಂಟೆಲಿ ಮತ್ತು ರಸೆಲ್ ಡೈನ್ಸ್ ಅಪ್ಪಣೆ-ಪಾಲನೆಯ ಮಾದರಿಯನ್ನೇ ಪ್ರಶ್ನಿಸಿದರು. ವಿಪತ್ತಿನಲ್ಲಿ ಜನ ಕಂಗೆಟ್ಟು ಓಡುವುದಕ್ಕಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ನೆರವಾಗುತ್ತಾರೆ, ಆ ಶಕ್ತಿಯನ್ನು ಜೋಡಿಸಿಕೊಳ್ಳುವುದೇ ಮುಖ್ಯ ಎಂಬುದು ಅವರ ವಾದ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಕಾಪಾಡಿದರು. ಅವರು ಯಾವ ನಕ್ಷೆಯ ಯಾವ ಚೌಕದಲ್ಲೂ ಇರಲಿಲ್ಲ. ಆದರೂ ಅವರಿಗೆ ಡೀಸೆಲ್ ಬೇಕಿತ್ತು, ಯಾವ ಬೀದಿಯ ಯಾವ ಮನೆಯಲ್ಲಿ ಜನ ಸಿಕ್ಕಿಕೊಂಡಿದ್ದಾರೆಂದು ಹೇಳುವವರು ಬೇಕಿತ್ತು. ಒಳ್ಳೆಯ ವ್ಯವಸ್ಥೆಯ ಕೆಲಸ ಅಂಥವರನ್ನು ತಡೆದು ನಿಲ್ಲಿಸುವುದಲ್ಲ, ಬಂದ ಕೂಡಲೇ ಪಟ್ಟಿಗೆ ಸೇರಿಸಿಕೊಂಡು ಮುಂದೆ ಕಳಿಸುವುದು.

2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಒಡಿಶಾದ ಗೋಪಾಲಪುರದ ಬಳಿ ನೆಲ ಮುಟ್ಟಿತು. ಅಷ್ಟರಲ್ಲಿ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಜಾಗಗಳಿಗೆ ಸಾಗಿಸಲಾಗಿತ್ತು. ಚಂಡಮಾರುತ ಮತ್ತು ಅದರ ಹಿಂದೆಯೇ ಬಂದ ನೆರೆಯಲ್ಲಿ ಸತ್ತವರು ಸುಮಾರು 45. ಇದರ ಶ್ರೇಯಸ್ಸನ್ನು 2010ರ ಮಾರ್ಗಸೂಚಿಗೆ ಕೊಟ್ಟುಬಿಡುವುದು ತಪ್ಪಾಗುತ್ತದೆ. 1999ರ ಪೆಟ್ಟಿನ ನಂತರ ಒಡಿಶಾ ತನ್ನದೇ ಪ್ರಾಧಿಕಾರ ಸ್ಥಾಪಿಸಿತ್ತು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಎಬ್ಬಿಸಿತ್ತು, ಹವಾಮಾನ ಮುನ್ಸೂಚನೆ ಸುಧಾರಿಸಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಬಿರುಗಾಳಿ ಬರುವ ಮೊದಲೇ ಊರೂರಿನಲ್ಲಿ ಅಣಕು ಕಾರ್ಯಾಚರಣೆ ನಡೆಯುತ್ತಿತ್ತು. ಮುದುಕರನ್ನು ಕರೆತರುವವರು ಯಾರು, ಆಶ್ರಯ ಕಟ್ಟಡದ ಬೀಗದ ಕೈ ಯಾರ ಬಳಿ ಇದೆ, ಅಡುಗೆಯ ಹೊಣೆ ಯಾರದು ಎಂಬುದು ಗಾಳಿ ಏಳುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಟ್ಯಾಂಕರ್ ಎಂದರೆ ಯಾವುದು ಎಂಬ ಪ್ರಶ್ನೆಯೂ ಇದೇ ಜಾತಿಯದು. ಬೆಂಕಿ ಹೊತ್ತಿದ ಮೇಲೆ ಅದನ್ನು ಕೇಳಲು ಪುರುಸೊತ್ತಿರುವುದಿಲ್ಲ.