ಕ್ಲೋರೋಪ್ಲಾಸ್ಟಿನ ಆರ್‌ಎನ್‌ಎ ಮತ್ತು ಅದರ ರಕ್ಷಕ ಪ್ರೋಟೀನುಗಳು

ಸಸ್ಯದ ಜೀವಕೋಶದಲ್ಲಿ ವಂಶವಾಹಿಗಳ ನೆಲೆ ಕೋಶಕೇಂದ್ರವೊಂದೇ ಅಲ್ಲ; ಪತ್ರಹರಿತ್ತನ್ನು ಧರಿಸಿರುವ ಕ್ಲೋರೋಪ್ಲಾಸ್ಟುಗಳಲ್ಲಿಯೂ ಅವು ಇವೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಆಗಿದೆ. ಆದರೆ ಆ ವಂಶವಾಹಿಗಳ ಕಾರ್ಯವು ಯಾವ ಹಂತದಲ್ಲಿ, ಯಾವುದರ ಹತೋಟಿಗೆ ಒಳಪಟ್ಟಿದೆ ಎಂಬ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಬಲ್ಲವರು ಕಡಿಮೆ. ಉತ್ತರವನ್ನು ಮೊದಲು ಅರಸಿದ ಎಡೆಯೊಂದು, ಅದು ದೊರೆತ ಎಡೆ ಮತ್ತೊಂದು. ಈ ಪಲ್ಲಟದ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ನಮ್ಮ ಉದ್ದೇಶ.

1909ರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಅವರು ಬಣ್ಣದ ಮಚ್ಚೆಯುಳ್ಳ ಎಲೆಗಳ ಸಂಜೆಮಲ್ಲಿಗೆಯನ್ನು ಪರೀಕ್ಷಿಸಿದರು. ಹಸಿರು ಕೊಂಬೆಯ ಬೀಜದಿಂದ ಹಸಿರು ಸಸಿಯೂ ಬಿಳಿಯ ಕೊಂಬೆಯ ಬೀಜದಿಂದ ಬಿಳಿಯ ಸಸಿಯೂ ಹುಟ್ಟಿದವು. ಪರಾಗವು ಯಾವ ಕೊಂಬೆಯದಾದರೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೆಂಡೆಲನ ನಿಯಮಕ್ಕೆ ಹೊಂದದ ಆನುವಂಶೀಯತೆಯನ್ನು ಅದೇ ವರ್ಷ ಎರ್ವಿನ್ ಬೌರ್ ಅವರೂ ಪೆಲಾರ್ಗೋನಿಯಂ ಗಿಡದಲ್ಲಿ ಕಂಡರು. ಕ್ಲೋರೋಪ್ಲಾಸ್ಟಿನೊಳಗೆ ಡಿಎನ್‌ಎ ಇದೆಯೆಂಬುದನ್ನು 1962ರಲ್ಲಿ ರಿಸ್ ಮತ್ತು ಪ್ಲೌಟ್ ಅವರು ಕ್ಲಮೈಡೊಮೊನಾಸ್ ಪಾಚಿಯಲ್ಲಿ ತೋರಿಸಿಕೊಟ್ಟರು. 1986ರಲ್ಲಿ ಜಪಾನಿನ ಎರಡು ತಂಡಗಳು ಕ್ರಮವಾಗಿ ಹೊಗೆಸೊಪ್ಪಿನ ಮತ್ತು ಮಾರ್ಕಾಂಷಿಯದ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು ಪೂರ್ಣವಾಗಿ ಓದಿದವು. ಮೊದಲನೆಯದರಲ್ಲಿ ಸುಮಾರು 1,56,000, ಎರಡನೆಯದರಲ್ಲಿ ಸುಮಾರು 1,21,000 ಪ್ರತ್ಯಾಮ್ಲ ಜೋಡಿಗಳಿದ್ದವು.

ಕ್ಲೋರೋಪ್ಲಾಸ್ಟು ಪ್ರಾಚೀನ ಕಾಲದಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದ ನೀಲಿಹಸಿರು ಬ್ಯಾಕ್ಟೀರಿಯದ ಸಂತತಿ. ಬ್ಯಾಕ್ಟೀರಿಯಗಳಲ್ಲಿ ಹತೋಟಿಯು ಮುಖ್ಯವಾಗಿ ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿಯನ್ನು ತೆಗೆಯುವ ಹಂತದಲ್ಲಿಯೇ ನಡೆಯುತ್ತದೆಂದು ಜಾಕೋಬ್ ಮತ್ತು ಮೊನೊ ಅವರು 1961ರಲ್ಲಿ ಪ್ರತಿಪಾದಿಸಿದ್ದರು. ಆದ್ದರಿಂದ ಕ್ಲೋರೋಪ್ಲಾಸ್ಟಿನಲ್ಲಿಯೂ ಹಾಗೆಯೇ ಇರಬೇಕೆಂದು ಊಹಿಸುವುದು ಸಹಜವಾಗಿತ್ತು. 1987ರಲ್ಲಿ ಡೆಂಗ್ ಮತ್ತು ಗ್ರೂಸೆಮ್ ಅವರು ಪಾಲಕ್ ಸೊಪ್ಪಿನ ಮೇಲೆ ನಡೆಸಿದ ಪ್ರಯೋಗಗಳು ಈ ಊಹೆಯನ್ನು ಅಲುಗಿಸಿದವು. ಗಿಡ ಬೆಳೆದಂತೆ ಬೇರೆ ಬೇರೆ ಆರ್‌ಎನ್‌ಎಗಳ ಸಂಗ್ರಹ ಬಹಳವಾಗಿ ಬದಲಾಗುತ್ತಿತ್ತು. ಅವುಗಳ ಪ್ರತಿ ತೆಗೆಯುವ ವೇಗದ ಪರಸ್ಪರ ಪ್ರಮಾಣ ಮಾತ್ರ ಹೆಚ್ಚು ಬದಲಾಗುತ್ತಿರಲಿಲ್ಲ. ಎಂದಮೇಲೆ ಹತೋಟಿಯ ಬಹುಭಾಗ ಪ್ರತಿಯನ್ನು ತೆಗೆದ ತರುವಾಯ ನಡೆಯುತ್ತಿರಬೇಕು. ಪ್ರತಿ ತೆಗೆಯುವ ಹಂತಕ್ಕೆ ಹತೋಟಿಯಲ್ಲಿ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ಅದೊಂದರಿಂದಲೇ ಎಲ್ಲವೂ ವಿವರಣೆಗೆ ಒಳಪಡದು ಎಂದಷ್ಟೇ ಅರ್ಥ.

ಹಾಗಾದರೆ ಆರ್‌ಎನ್‌ಎಯ ಮೇಲೆ ಅಧಿಕಾರ ನಡೆಸುವ ವಸ್ತು ಯಾವುದು? 1990ರಲ್ಲಿ ಲೀ ಮತ್ತು ಸುಗಿಯುರ ಅವರು ಹೊಗೆಸೊಪ್ಪಿನ ಕ್ಲೋರೋಪ್ಲಾಸ್ಟಿನಿಂದ ಆರ್‌ಎನ್‌ಎಗೆ ಅಂಟಿಕೊಳ್ಳುವ ಮೂರು ಪ್ರೋಟೀನುಗಳನ್ನು ವರ್ಣಿಸಿದರು. ಅವುಗಳ ವಂಶವಾಹಿಗಳು ಇದ್ದುದು ಕ್ಲೋರೋಪ್ಲಾಸ್ಟಿನಲ್ಲಲ್ಲ, ಕೋಶಕೇಂದ್ರದಲ್ಲಿ. ಮುಸುಕಿನ ಜೋಳದ ಉತ್ಪರಿವರ್ತಿತ ಸಸಿಗಳೂ ಇದೇ ದಿಕ್ಕನ್ನು ತೋರಿದವು. ದ್ಯುತಿಸಂಶ್ಲೇಷಣೆ ಕೆಟ್ಟ ಇಂಥ ಸಸಿಗಳು ಬೀಜದಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೆ ಬೆಳೆದು ಬಳಿಕ ಸಾಯುತ್ತವೆ. ಅವುಗಳಲ್ಲೊಂದರ ದೋಷಕ್ಕೆ ಕಾರಣವಾದ ‘ಸಿಆರ್‌ಪಿ1’ ಎಂಬ ವಂಶವಾಹಿಯನ್ನು ಆಲಿಸ್ ಬಾರ್ಕನ್ ಅವರ ತಂಡ 1999ರಲ್ಲಿ ಪ್ರತ್ಯೇಕಿಸಿತು. ಸುಮಾರು 35 ಅಮೈನೋ ಆಮ್ಲಗಳ ಘಟಕವೊಂದು ಮತ್ತೆ ಮತ್ತೆ ಬರುವ ಇಂಥ ಪ್ರೋಟೀನುಗಳಿಗೆ 2000ದಲ್ಲಿ ಸ್ಮಾಲ್ ಮತ್ತು ಪೀಟರ್ಸ್ ಅವರು ‘ಪಿಪಿಆರ್’ ಎಂದು ಹೆಸರಿಟ್ಟರು. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿಯೇ ಇವು 400ಕ್ಕೂ ಹೆಚ್ಚು, ಪ್ರಾಣಿಗಳಲ್ಲಾದರೋ ಬೆರಳೆಣಿಕೆಯಷ್ಟು.

ಇವುಗಳ ಕಾರ್ಯವಿಧಾನವನ್ನು ಅರಿಯುವಾಗ ಹಿಂದಿನದೊಂದು ತೀರ್ಮಾನವನ್ನು ತಿದ್ದಬೇಕಾಯಿತು. ಕ್ಲೋರೋಪ್ಲಾಸ್ಟಿನಲ್ಲಿ ಹಲವು ವಂಶವಾಹಿಗಳ ಪ್ರತಿ ಒಂದೇ ಉದ್ದನೆಯ ಆರ್‌ಎನ್‌ಎಯಾಗಿ ಹುಟ್ಟಿ ಆಮೇಲೆ ತುಂಡಾಗುತ್ತದೆ. ತುಂಡಿನ ತುದಿ ಎಲ್ಲಿದೆಯೋ ಅಲ್ಲಿಯೇ ಯಾವುದೋ ಕಿಣ್ವ ಗುರುತಿಟ್ಟು ಕತ್ತರಿಸಿರಬೇಕೆಂದು ಭಾವಿಸಲಾಗಿತ್ತು. 2009ರಲ್ಲಿ ಬಾರ್ಕನ್ ಅವರ ತಂಡ ಮುಸುಕಿನ ಜೋಳದ ‘ಪಿಪಿಆರ್10’ ಎಂಬ ಪ್ರೋಟೀನನ್ನು ಪರಿಶೀಲಿಸಿದಾಗ, ಎಡಗಡೆಯ ತುಂಡಿನ ಕೊನೆಯೂ ಬಲಗಡೆಯ ತುಂಡಿನ ಮೊದಲೂ 20ಕ್ಕೂ ಹೆಚ್ಚು ಅಕ್ಷರಗಳಷ್ಟು ಒಂದರ ಮೇಲೊಂದು ಬರುವುದು ಕಂಡಿತು. ಒಂದೇ ಕಡೆ ಕತ್ತರಿಸಿದ್ದರೆ ಎರಡು ತುಂಡುಗಳಲ್ಲಿಯೂ ಒಂದೇ ಭಾಗ ಉಳಿಯಲು ಸಾಧ್ಯವಿಲ್ಲ. ನಿಜಸ್ಥಿತಿ ಹೀಗಿತ್ತು: ಆರ್‌ಎನ್‌ಎಯನ್ನು ತುದಿಯಿಂದ ಸವೆಸುತ್ತ ಬರುವ ಕಿಣ್ವಗಳು ಪಿಪಿಆರ್10 ಅಂಟಿಕೊಂಡಿರುವ ಎಡೆಗೆ ಬಂದು, ಮುಂದುವರಿಯಲಾರದೆ ನಿಲ್ಲುತ್ತಿದ್ದವು. ತುದಿಯೆಂಬುದು ಕತ್ತರಿಯ ಗುರುತಲ್ಲ, ಕಾವಲಿನ ಗುರುತು. ಅದೇ ಪ್ರೋಟೀನು ಆರ್‌ಎನ್‌ಎ ಮಡಚಿಕೊಳ್ಳದಂತೆ ತಡೆದು, ರೈಬೋಸೋಮಿಗೆ ಎಡೆಮಾಡಿಕೊಡುತ್ತದೆಂದು 2011ರಲ್ಲಿ ತಿಳಿದುಬಂದಿತು. ಒಂದೊಂದು ಘಟಕದ ಎರಡು ಅಮೈನೋ ಆಮ್ಲಗಳು ಆರ್‌ಎನ್‌ಎಯ ಒಂದೊಂದು ಅಕ್ಷರವನ್ನು ಗುರುತಿಸುತ್ತವೆಂಬ ಸಂಕೇತವೂ 2012ರಲ್ಲಿ ಪ್ರಕಟವಾಯಿತು.

ಈ ಇತಿಹಾಸದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಕ್ಲೋರೋಪ್ಲಾಸ್ಟು ತನ್ನ ವಂಶವಾಹಿಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದರೂ, ಅವುಗಳ ಪ್ರತಿಗಳು ಉಳಿಯುವುದೂ ಫಲಿಸುವುದೂ ಬಹುಮಟ್ಟಿಗೆ ಕೋಶಕೇಂದ್ರ ಕಳುಹಿಸುವ ಪ್ರೋಟೀನುಗಳನ್ನು ಅವಲಂಬಿಸಿವೆ. ಎರಡನೆಯದಾಗಿ, ಪೂರ್ವಜನಲ್ಲಿ ನಿಜವಾದುದು ಸಂತತಿಯಲ್ಲಿಯೂ ನಿಜವೆಂದು ಪರೀಕ್ಷಿಸದೆ ಒಪ್ಪಲಾಗದು. ತುಂಡಿನ ತುದಿಯನ್ನು ಕಂಡವರು ಅನೇಕರು. ಎರಡು ತುದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದಾಗಲೇ ಅದರ ಅರ್ಥ ಸ್ಪಷ್ಟವಾಯಿತು. ಪ್ರಯೋಗಶಾಲೆಯನ್ನು ಪ್ರವೇಶಿಸುವ ವಿದ್ಯಾರ್ಥಿಗಳು ಇದನ್ನು ಮನನಮಾಡಿದರೆ ನಮ್ಮ ಶ್ರಮ ಸಾರ್ಥಕ.