ದಾಸೋಹದ ಹಿಡಿಯೂ ಅಥಣಿಯ ಚರಿತ್ರೆಯೂ

ಲೋಕದಲ್ಲಿ ಚರಿತ್ರೆಯೆಂಬ ಹೆಸರಿನಿಂದ ಬರೆಯಲ್ಪಡುವದು ಬಹುಮಟ್ಟಿಗೆ ಅರಸುಗಳ ಚರಿತ್ರೆಯೇ ಆಗಿರುವದು. ಮಠಮಾನ್ಯಗಳ ವೃತ್ತಾಂತವನ್ನು ಬರೆಯುವಾಗಲೂ ಶಾಸನಗಳಲ್ಲಿ ಹೆಸರು ಪಡೆದ ಭೂದಾನಿಗಳನ್ನೇ ಮೊದಲು ಸ್ಮರಿಸುವದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಮಠದ ಒಲೆಯು ದಿನದಿನವೂ ಆರದೆ ಉರಿದುದು ಉಂಬಳಿಯೊಂದರಿಂದಲೇ ಅಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರು ಜಂಗಮನ ಜೋಳಿಗೆಗೆಂದು ಬೇರೆಯಾಗಿ ತೆಗೆದಿರಿಸುತ್ತಿದ್ದ ಹಿಡಿ ಹಿಟ್ಟಿನಿಂದಲೂ ಅದು ಉರಿಯಿತು. ಆ ತಾಯಂದಿರ ಹೆಸರುಗಳನ್ನು ಯಾವ ಕಲ್ಲೂ ಹೇಳುವದಿಲ್ಲ. ಅವರ ಕಾರ್ಯವು ಎಷ್ಟರ ಮಟ್ಟಿಗೆ ಚರಿತ್ರೆಯನ್ನು ನಡೆಸಿತೆಂಬುದನ್ನು ಅಥಣಿಯ ದೃಷ್ಟಾಂತದಿಂದ ವಿಚಾರಿಸುವದು ಯೋಗ್ಯವಾಗಿದೆ.

ಅಥಣಿಯು ಪುರಾತನವಾದ ಪೇಟೆಯು. ಗೋವೆಗೂ ವಿಜಾಪುರಕ್ಕೂ ನಡುವಣ ವ್ಯಾಪಾರದ ಹಾದಿಯಲ್ಲಿದ್ದುದರಿಂದ ಹದಿನೇಳನೆಯ ಶತಮಾನದ ಪರದೇಶದ ಪ್ರವಾಸಿಗಳು ಇದರ ಹೆಸರನ್ನು ಬರೆದಿಟ್ಟಿರುವರು. ಐಶ್ವರ್ಯವಿದ್ದಲ್ಲಿ ವಿಪತ್ತೂ ಬರುವದಷ್ಟೆ! 1679ರಲ್ಲಿ ಮೊಗಲರ ಸೇನಾನಿಯಾದ ದಿಲೇರಖಾನನು ಈ ಊರನ್ನು ಹಿಡಿದು, ನಿವಾಸಿಗಳನ್ನು ಗುಲಾಮರನ್ನಾಗಿ ಮಾರಬೇಕೆಂದು ಎಣಿಸಿದನು. ಆಗ ತಂದೆಯನ್ನು ಅಗಲಿ ಮೊಗಲರ ಪಾಳೆಯದಲ್ಲಿದ್ದ ಶಿವಾಜಿಯ ಮಗ ಸಂಭಾಜಿಯು ಅದನ್ನು ವಿರೋಧಿಸಿದನೆಂದೂ, ಮಾತು ನಡೆಯದಿರಲು ಸ್ವಲ್ಪ ಕಾಲದಲ್ಲಿಯೇ ಆ ಪಾಳೆಯವನ್ನು ಬಿಟ್ಟು ತಂದೆಯ ಕಡೆಗೆ ಮರಳಿದನೆಂದೂ ಇತಿಹಾಸಕಾರರು ಹೇಳುತ್ತಾರೆ. ದಂಡುಗಳು ಬಂದವು, ಹೋದವು. ಕೆಟ್ಟ ಊರು ಮತ್ತೆ ನೆಲೆಗೊಳ್ಳಬೇಕಾದರೆ ಬಿತ್ತಲು ಬೀಜವನ್ನು ಕಡ ಕೊಡುವ ನೆರೆಯವನೂ, ಅಂಬಲಿಯನ್ನು ಹಂಚಿಕೊಳ್ಳುವ ನೆರೆಯವಳೂ ಬೇಕಾಗುವರು. ದಂಡಿನ ಲೆಕ್ಕವು ಬಖೈರುಗಳಲ್ಲಿ ಉಳಿಯಿತು. ಅಂಬಲಿಯ ಲೆಕ್ಕವು ಉಳಿಯಲಿಲ್ಲ.

ಶರಣರು ಈ ಅಂಬಲಿಯ ಲೆಕ್ಕವನ್ನೇ ಧರ್ಮದ ಮೂಲವೆಂದು ಎಣಿಸಿದರು. ದಾನಕ್ಕೂ ದಾಸೋಹಕ್ಕೂ ಮಹದಂತರವುಂಟು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿದ ಕಥೆಯನ್ನು ಕೇಳದ ಭಕ್ತರಿಲ್ಲ. ಒಂದು ದಿನದ ದೊಡ್ಡ ರಾಶಿಗಿಂತ ನಿತ್ಯದ ಚಿಕ್ಕ ಅಳತೆಯೇ ಮಿಗಿಲೆಂಬುದು ಆ ತಾಯಿಯ ತೀರ್ಪು.

ದಯೆಗೆ ದ್ರವ್ಯವೇ ಬೇಕೆಂದಿಲ್ಲ. ಒಂದು ಮಾತು ಸಾಕು. ಸಮಗಾರ ಹರಳಯ್ಯನು ಬಸವಣ್ಣನವರಿಗೆ ಶರಣು ಎನ್ನಲು, ಅವರು ಶರಣು ಶರಣಾರ್ಥಿ ಎಂದು ಒಂದು ಮಾತನ್ನು ಹೆಚ್ಚಾಗಿ ನುಡಿದರು. ಆ ಹೆಚ್ಚಿನ ಮಾತಿನ ಭಾರವನ್ನು ತಾಳಲಾರದೆ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಹೊಲಿದರೆಂದು ಪರಂಪರೆಯು ಹೇಳುವದು. ಮುಂದೆ ಆತನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾಗಿ, ಅದರಿಂದ ಕಲ್ಯಾಣವೇ ನಡುಗಿತು. ಚರ್ಮದ ಪಾದರಕ್ಷೆಗಳಿಗೆ ಪ್ರಸಿದ್ಧವಾದ ಅಥಣಿಯಲ್ಲಿ ಈ ಕಥೆಗೆ ವಿಶೇಷವಾದ ಅರ್ಥವುಂಟು. ಮೆಟ್ಟು ಹೊಲಿಯುವವನಿಗೆ ಎದುರು ನಿಂತು ಶರಣು ಎನ್ನದವನು ಬಸವಣ್ಣನವರ ಹೆಸರನ್ನು ಎಷ್ಟು ಜಪಿಸಿದರೂ ವ್ಯರ್ಥವೇ.

ಈ ಧರ್ಮಕ್ಕೆ ಕಠಿಣವಾದ ಪರೀಕ್ಷೆಯು 1876ರಲ್ಲಿ, ಧಾತು ಸಂವತ್ಸರದಲ್ಲಿ ಒದಗಿತು. ಮಳೆ ಕೈಕೊಡಲು ಬೆಳಗಾವಿ, ಧಾರವಾಡ, ಕಲಾದಗಿ ಪ್ರಾಂತಗಳು ಬೆಂದುಹೋದವು. ಸರಕಾರದವರು ಬರದ ಕಾಮಗಾರಿಗಳನ್ನು ತೆರೆದರಾದರೂ, 1877ರ ಆರಂಭದಲ್ಲಿ ದೇಹಶ್ರಮ ಮಾಡುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅಲ್ಪವಾದ ಕಾಸು ಎಂಬ ಮಟ್ಟಕ್ಕೆ ಕೂಲಿಯನ್ನು ಇಳಿಸಿದರು. ಪುಣೆಯ ಸಾರ್ವಜನಿಕ ಸಭೆಯವರು ಇದನ್ನು ಬಲವಾಗಿ ಪ್ರತಿಭಟಿಸಿದರು. ಅಷ್ಟು ದೊಡ್ಡ ಕ್ಷಾಮವನ್ನು ಹಿಡಿ ಹಿಟ್ಟು ತಡೆಯಲಾರದು, ಇದನ್ನು ಮರೆಮಾಚಬೇಕಾದುದಿಲ್ಲ. ಆದರೆ ಹಂಚಿಕೊಂಡ ಒಂದು ರೊಟ್ಟಿಯು ಒಂದು ಕೂಸನ್ನು ಮರುದಿನದ ವರೆಗೆ ಉಳಿಸಬಲ್ಲದು. ಆ ಕೂಸಿಗೆ ಅದೇ ಸಕಲವೂ ಅಲ್ಲವೇ?

ಇಂಥ ಕಾಲದಲ್ಲಿ ಅಥಣಿಯ ಗಚ್ಚಿನ ಮಠವನ್ನು ಬೆಳಗಿದವರು ಶ್ರೀ ಮುರುಘೇಂದ್ರ ಶಿವಯೋಗಿಗಳವರು. ಅಥಣಿ ಸೀಮೆಯ ನದಿ ಇಂಗಳಗಾಂವದಲ್ಲಿ 1836ರಲ್ಲಿ ಜನಿಸಿದ ಪೂಜ್ಯರು 1921ರಲ್ಲಿ ಲಿಂಗೈಕ್ಯರಾದರು. ಅಧಿಕಾರವನ್ನಾಗಲಿ ವೈಭವವನ್ನಾಗಲಿ ಬಯಸದೆ ಲಿಂಗಪೂಜೆಯಲ್ಲಿಯೂ ಜನರ ಮೇಲಣ ಅಂತಃಕರಣದಲ್ಲಿಯೂ ಆಯುಷ್ಯವನ್ನು ಕಳೆದ ಅವರ ಹೆಸರು ನಾಡಿನ ತುಂಬ ಹಬ್ಬಿತು. ಗಚ್ಚೆಂದರೆ ಸುಣ್ಣ ಮರಳುಗಳನ್ನು ಅರೆದು ಮಾಡಿದ ಗಾರೆ. ಕಣಕಣವಾದ ಆ ಗಾರೆಯೇ ದೊಡ್ಡ ಕಲ್ಲುಗಳನ್ನು ಹಿಡಿದು ನಿಲ್ಲಿಸುವದು. ಧಾರವಾಡದ ಮುರುಘಾಮಠದಲ್ಲಿ ಇಂದಿಗೂ ಈ ಶಿವಯೋಗಿಗಳ ಹೆಸರಿನಲ್ಲಿಯೇ ರಥೋತ್ಸವ ನಡೆಯುತ್ತದೆ. ಅದೇ ಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರು ಪ್ರಸಾದನಿಲಯವನ್ನು ನಡೆಸಿ, ಹಳ್ಳಿಗಳಿಂದ ಕಲಿಯಲು ಬಂದ ಬಡ ಮಕ್ಕಳಿಗೆ ಅನ್ನವನ್ನೂ ಆಸರೆಯನ್ನೂ ಒದಗಿಸಿದರು.

ಒಂದು ಚಿಕ್ಕ ದಯೆಯು ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಚರಿತ್ರೆಯು ಸಾಕ್ಷಿಯಾಗಿದೆ. 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಪೂಜ್ಯರು ಹಾನಗಲ್ಲ ಸೀಮೆಯ ಇಬ್ಬರು ಕುರುಡ ಬಾಲಕರ ಕಂಠವನ್ನು ಮೆಚ್ಚಿ, ಅವರಿಗೆ ಆಶ್ರಯವಿತ್ತು ಸಂಗೀತವನ್ನು ಕಲಿಸಿದರು. ಕುರುಡ ಮಕ್ಕಳಿಗೆ ಹಾಡಿ ಬೇಡುವದರ ಹೊರತು ಬೇರೆ ಗತಿಯಿಲ್ಲವೆಂದು ಲೋಕವು ತಿಳಿದಿದ್ದ ಕಾಲವದು. ಆ ಬಾಲಕರಲ್ಲಿ ಗದಿಗೆಯ್ಯನೆಂಬವನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದನು. 1944ರಲ್ಲಿ ಲಿಂಗೈಕ್ಯರಾಗುವ ವರೆಗೆ ಅವರು ಅಂಧರಿಗೂ ಅನಾಥರಿಗೂ ವಿದ್ಯೆಯನ್ನು ಎರೆದರು. ಅವರಿಂದ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಬೆಳೆದರು. ಬಸವರಾಜ ರಾಜಗುರುಗಳಂಥ ಗಾಯಕರೂ ಬೆಳೆದರು. ಪುಟ್ಟರಾಜರು 2010ರ ವರೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಅಲ್ಲಿ ಯಾವ ಜಾತಿಯ ಮಗುವೆಂದು ಕೇಳುವ ಪದ್ಧತಿಯಿರಲಿಲ್ಲ. ಮೊದಲ ದಿನ ಆ ಇಬ್ಬರು ಹುಡುಗರಿಗೆ ಇಕ್ಕಿದ ತುತ್ತಿನ ಬೆಲೆಯನ್ನು ಈಗ ಯಾರು ಕಟ್ಟಬಲ್ಲರು?

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯವಾಗಿದೆ. ನಮ್ಮವರು, ಪರರು ಎಂದು ಎಣಿಸಿ ಬಡಿಸುವ ಪಂಕ್ತಿಯು ದಾಸೋಹವಲ್ಲ. ಹೆಸರಿಗಾಗಿ ಮಾಡಿದ ಸಂತರ್ಪಣೆಯು ಒಂದು ಹೊತ್ತಿನ ಊಟವಷ್ಟೆ. ಜೋಳಿಗೆಯ ಮರ್ಮವು ಬೇರೆಯಾಗಿದೆ. ನೂರು ಮನೆಗಳ ಹಿಟ್ಟು ಅದರಲ್ಲಿ ಕಲೆತ ಮೇಲೆ ಇದು ಸಿರಿವಂತನದು, ಇದು ಬಡವನದು ಎಂದು ಬೇರ್ಪಡಿಸಲು ಬಾರದು. ಹೀಗಿರಲು ಕೊಟ್ಟವನಿಗೆ ಗರ್ವಪಡಲು ಕಾರಣವಿಲ್ಲ, ಉಂಡವನಿಗೆ ಒಬ್ಬನ ಹಂಗಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಸರ್ವ ಜಾತಿಮತಗಳ ಸಾವಿರಾರು ಮಕ್ಕಳನ್ನು ಸಾಕಿದುದೂ ಈ ಜೋಳಿಗೆಯ ಬಲದಿಂದಲೇ.

ಅದೇ 2019ರ ಶ್ರಾವಣದಲ್ಲಿ ಕೃಷ್ಣೆಯು ಉಕ್ಕಿ ಅಥಣಿ, ಚಿಕ್ಕೋಡಿ, ರಾಯಬಾಗ ಸೀಮೆಗಳ ನದೀತೀರದ ಊರುಗಳು ನೀರಿನಲ್ಲಿ ನಿಂತವು. ಆಗ ಉತ್ತರ ಕರ್ನಾಟಕದ ಊರೂರುಗಳಿಂದ ಜೋಳದ ರೊಟ್ಟಿಯ ಗಂಟುಗಳು ಸಂತ್ರಸ್ತರ ಕಡೆಗೆ ಬಂದವು. ಬೀಸುವ ಕಲ್ಲು ಬಹಳ ಮನೆಗಳಿಂದ ಮರೆಯಾಗಿದ್ದರೂ ತಟ್ಟುವ ಕೈಗಳು ಮರೆಯಾಗಿರಲಿಲ್ಲ. ಆ ರೊಟ್ಟಿಗಳ ಮೇಲೆ ಯಾರ ಹೆಸರೂ ಇರಲಿಲ್ಲ.

ಈ ಮಹೋತ್ಸವದ ಸಂದರ್ಭದಲ್ಲಿ ಭಕ್ತರು ತಮ್ಮ ಮನೆಯ ಹಿರಿಯ ತಾಯಂದಿರನ್ನು ಸ್ಮರಿಸಲಿ. ಮಠಕ್ಕೆ ಅವರು ಕೊಟ್ಟುದು ಒಂದೊಂದೇ ಹಿಡಿ. ಅದನ್ನು ತಪ್ಪದೆ ಕೊಟ್ಟರು. ನೆರೆಮನೆಯ ಹಸಿವನ್ನು ಕೇಳಿ ಉಣ್ಣುವ ಆ ನೇಮವು ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿದು ಬಂದರೆ ಮಹೋತ್ಸವವು ಸಾರ್ಥಕವಾಗುವದು.