‘ಬಫರ್ ಜಾಗ ಇಲ್ಲ’ದ ಹಿಂದಿನ ಕತೆ

ಹೋದ ಮಳೆಗಾಲ ಕೆರೆಕಟ್ಟೆಯ ಮನೆಯಲ್ಲಿದ್ದೆ. ಜಡಿಮಳೆ, ಕರೆಂಟಿನ ಕಣ್ಣಾಮುಚ್ಚಾಲೆ. ಸಂಜೆಯೊಳಗೆ ಆಫೀಸಿಗೆ ಕೋಡ್ ಕಳಿಸಬೇಕು. ನನ್ನ ಹಳೇ ಫ್ರೀಬಿಎಸ್‌ಡಿ ಲ್ಯಾಪ್‌ಟಾಪಲ್ಲಿ ಪಿಂಗ್ ಕೊಟ್ಟರೆ ಬಫರಿನಲ್ಲಿ ಜಾಗ ಇಲ್ಲ ಅನ್ನುತ್ತೆ! ಬಫರ್ ಮಿತಿ ಹೆಚ್ಚಿಸಿ ರೀಬೂಟ್ ಮಾಡಿದೆ. ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ರಾಗ...

ಈ ದೂರು ಹಳೇದು. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ 4.2ಬಿಎಸ್‌ಡಿ ಯುನಿಕ್ಸ್‌ನಲ್ಲಿ ಪ್ಯಾಕೆಟ್ ಇಡೋಕೆ ‘ಎಂಬಫ್’ ಅನ್ನೋ ಪುಟ್ಟ ಡಬ್ಬಿಗಳಿದ್ದವು. ಒಂದೊಂದು 128 ಬೈಟ್, ಅದರಲ್ಲಿ ಮಾಹಿತಿಗೆ 112. ಮೆಮೊರಿ ದುಬಾರಿಯಾಗಿದ್ದ ಕಾಲದ ಜಿಪುಣತನ, ಅಜ್ಜಿಯ ಸಾಸಿವೆ ಡಬ್ಬಿಯ ಹಾಗೆ :) ಡಬ್ಬಿ ಮುಗಿದರೆ ‘ಇನೋಬಫ್ಸ್’ ಅನ್ನೋ ದೂರು. ಆದರೆ ಡ್ರೈವರ್ ಮುಂದಿನ ಸಾಲು ತುಂಬಿದರೂ ಬಿಎಸ್‌ಡಿ ಕರ್ನೆಲ್ ಅದನ್ನೇ ಹೇಳುತ್ತೆ. ಆ ಸಾಲಿಗೆ ಬಹುಕಾಲ ಬರೀ 50 ಪ್ಯಾಕೆಟ್ಟಿನ ಮಿತಿ. ಎರಡು ರೋಗ, ಹೆಸರು ಒಂದೇ!

ನನ್ನದು ಎರಡನೇದು. ‘ನೆಟ್‌ಸ್ಟ್ಯಾಟ್ -ಎಂ’ ನೋಡಿದರೆ ಡಬ್ಬಿಗಳು ಬೇಕಾದಷ್ಟು ಖಾಲಿ. ಕರೆಂಟು ಹೋಗಿ ಮೋಡೆಮ್ ಆರಿದಾಗ ಲಿಂಕ್ ಬಿದ್ದು ಡ್ರೈವರ್ ಸ್ತಬ್ಧವಾಗಿತ್ತು. ತೂಬು ಕಟ್ಟಿದ ಕೆರೆಗೆ ನಾನು ಏರಿ ಎತ್ತರಿಸುತ್ತಾ ಕೂತಿದ್ದೆ. ‘ಇಫ್‌ಕಾನ್ಫಿಗ್’ನಲ್ಲಿ ಕಾರ್ಡನ್ನು ಡೌನ್ ಮಾಡಿ ಅಪ್ ಮಾಡಿದೆ, ಸಾಲು ಖಾಲಿಯಾಯ್ತು. ಕೋಡ್ ಹೋದಾಗ ರಾತ್ರಿ ಎಂಟೂವರೆ.